ಈ ಕೆನ್ನೆಯಿಂದ ಆ ಕೆನ್ನೆಗೆ

ಆ ಊರಿನ ಗಂಡಸರಿಗೆ ಗಡ್ಡ ಮಾಡಿಸಿಕೊಳ್ಳುವುದೆಂದರೆ ಕಣ್ಣು ಮುಚ್ಚಿ ಕುಳಿತು, ತಮ್ಮ ಸುತ್ತ ಯಾರೋ ನಡೆದಾಡುವ ಸದ್ದು ಕೇಳುವುದು. ಎಡಗೆನ್ನೆಯ ಮೇಲೆ ಕತ್ತಿಯ ಒಂದೆರಡು ಎಳೆತ, ಆಮೇಲೆ ಕುರ್ಚಿಯ ಬೆನ್ನ ಹಿಂದೆ ಚಪ್ಪಲಿಯ ಸರಸರ, ಬಲಗೆನ್ನೆಯ ಮೇಲೆ ಒಂದೆರಡು ಎಳೆತ, ಮತ್ತೆ ಸರಸರ. ಗಡ್ಡ ಮುಗಿಯುವಷ್ಟರಲ್ಲಿ ಕ್ಷೌರಿಕ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಬೆವರುತ್ತಿದ್ದ. ಹೊರಗಿನವರು ಇದನ್ನು ಕಂಡು ನಕ್ಕರೆ ಊರಿನವರಿಗೆ ಸಿಟ್ಟು ಬರುತ್ತಿತ್ತು. ಅವರೇ ಬೇರೆ ಊರಿಗೆ ಹೋಗಿ, ಒಂದು ಕೆನ್ನೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಕೈ ಹಾಕುವ ಕ್ಷೌರಿಕನ ಕೈಗೆ ಸಿಕ್ಕಿದರೆ, ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡು, "ಥೂ, ಕೆಲಸಾನೇ ಕಲಿತಿಲ್ಲ ಅವನು" ಎನ್ನುತ್ತಿದ್ದರು.

ಈ ಪದ್ಧತಿಯನ್ನು ಊರಿಗೆ ತಂದವನು ಬಸ್ ನಿಲ್ದಾಣದ ಹಿಂದಿನ ರಸ್ತೆಯ ಕ್ಷೌರಿಕ. ತಂದೆಯ ಕಾಲದ ಅಂಗಡಿಯನ್ನು ಬಿಟ್ಟು ಸೈನ್ಯಕ್ಕೆ ಸೇರಿ, ಒಂದು ಯುದ್ಧ ನೋಡಿ, ವಾಪಸು ಬಂದು ಅದೇ ಅಂಗಡಿಯ ಬಾಗಿಲು ತೆಗೆದವನು. ಅಂದಿನಿಂದ ಅವನ ಹೆಸರು ಮಿಲಿಟರಿ ಎಂದೇ ಆಯಿತು. ಬಂದವನು ಯಾಕೆ ಹೀಗೆ ಸುತ್ತುತ್ತಾನೆಂದು ಮೊದಮೊದಲು ಜನ ಕೇಳಿದರು. "ಅಲ್ಲಿ ಹೀಗೇ" ಎಂದನಂತೆ. ಅಷ್ಟೇ ಸಾಕಾಯಿತು. ಸೈನ್ಯದ ಪದ್ಧತಿ ಎಂದ ಮೇಲೆ ಅದರಲ್ಲಿ ಏನೋ ಇರಲೇಬೇಕು. ಲೆಕ್ಕದ ಮೇಷ್ಟ್ರಂತೂ ಅದಕ್ಕೊಂದು ಶಾಸ್ತ್ರವನ್ನೇ ಹುಡುಕಿದರು: ಕೆನ್ನೆಗೆ ಮಧ್ಯೆ ಮಧ್ಯೆ ವಿಶ್ರಾಂತಿ ಸಿಗುತ್ತದೆ, ಆದ್ದರಿಂದ ಉರಿಯುವುದಿಲ್ಲ. ಎದುರು ಸಾಲಿನಲ್ಲಿ ಹೊಸದಾಗಿ ಅಂಗಡಿ ತೆರೆದವನಿಗೆ ಗಿರಾಕಿಗಳೇ ಬಾರದಿದ್ದಾಗ, ಅವನು ದಿನವೂ ಬಾಗಿಲಲ್ಲಿ ನಿಂತು ಮಿಲಿಟರಿಯನ್ನು ಕದ್ದು ನೋಡಿ, ಕೊನೆಗೆ ತಾನೂ ಸುತ್ತತೊಡಗಿದ. ಗಿರಾಕಿಗಳು ಬಂದರು! ಅವನಿಂದ ಅವನ ಮಗ ಕಲಿತ, ಮಗನಿಂದ ಮಾರುಕಟ್ಟೆಯ ಹತ್ತಿರದ ಇನ್ನೊಬ್ಬ ಕಲಿತ. ಹೀಗೆ ಊರಿಗೆ ಊರೇ ಕುರ್ಚಿ ಸುತ್ತುವುದನ್ನು ಕಲಿತುಬಿಟ್ಟಿತು.

ಮಿಲಿಟರಿಯ ಮಗಳಿಗೆ ಇದು ಹೆಮ್ಮೆಯ ವಿಷಯವಾಗಿತ್ತು. "ಎರಡೂ ಕಡೆ ಜೊತೆಜೊತೆಗೆ ಇಳಿದರೆ ಕಿವಿ ಮುಂದಿನ ಕೃದಾ ಒಂದೇ ಸಮ ಬರುತ್ತೆ. ಇದು ನಮ್ಮನೆ ಕೈ" ಎಂದು ಅವಳೇ ಗಿರಾಕಿಗಳಿಗೆ ವಿವರಿಸುತ್ತಿದ್ದಳು. ಅಪ್ಪ ಹಾಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಅವಳು ಹೇಳುವಾಗ ತಡೆದೂ ಇರಲಿಲ್ಲ.

ಈಗ ಆ ಅಂಗಡಿಯನ್ನು ನೆನೆದರೆ ಮೊದಲು ಅವಳ ಮೂಗಿಗೇ ನೆನಪಾಗುತ್ತದೆ. ಸೋಪಿನ ನೊರೆ, ಸ್ಟೋವಿನ ಸೀಮೆಎಣ್ಣೆ, ಒದ್ದೆ ಪಟಿಕದ ಕಲ್ಲು, ಚರ್ಮದ ಪಟ್ಟಿಗೆ ಸವರಿದ ಎಣ್ಣೆ. ಇರುವುದೊಂದೇ ಕೋಣೆ. ಬಾಗಿಲಿಗೆ ಮರದ ಹಲಗೆಗಳು. ಬೆಳಿಗ್ಗೆ ಅಪ್ಪ ಒಂದೊಂದಾಗಿ ತೆಗೆದು ಕೊಟ್ಟರೆ ಅವಳು ಗೋಡೆಗೆ ಒರಗಿಸಬೇಕು. ಕೋಣೆಯ ನಟ್ಟನಡುವೆ ಕುರ್ಚಿ. ಅದರ ಕೈಗಳು ಎಷ್ಟೋ ಜನರ ಅಂಗೈ ತಾಗಿ ಜೇನಿನ ಬಣ್ಣಕ್ಕೆ ತಿರುಗಿದ್ದವು. ಎದುರು ಬದುರು ಗೋಡೆಗೆ ಎರಡು ದೊಡ್ಡ ಕನ್ನಡಿ. ಶಾಲೆಯಿಂದ ಬಂದವಳು ಬೆಂಚಿನ ತುದಿಯಲ್ಲಿ ಕುಳಿತು ಪುಸ್ತಕ ಬಿಚ್ಚಿದರೂ ಕಣ್ಣು ಕನ್ನಡಿಯಲ್ಲೇ ಇರುತ್ತಿತ್ತು. ಕನ್ನಡಿಯೊಳಗೆ ಕನ್ನಡಿ, ಅದರೊಳಗೆ ಇನ್ನೊಂದು, ಎಲ್ಲದರಲ್ಲೂ ಅಪ್ಪ. ಅಷ್ಟೂ ಅಪ್ಪಂದಿರು ಒಟ್ಟಿಗೇ ಒಂದು ಹೆಜ್ಜೆ ಎತ್ತಿ, ಒಟ್ಟಿಗೇ ಕುರ್ಚಿಯ ಹಿಂದೆ ಹಾದು, ಒಟ್ಟಿಗೇ ಆ ಬದಿಗೆ ತಲುಪುತ್ತಿದ್ದರು. ಕೋಣೆಯ ತುಂಬ ಅಪ್ಪ. ಅವಳ ಬಾಲ್ಯವೆಂದರೆ ಅದೇ.

ಮಾತಿಗೇನೂ ಕೊರತೆಯಿರಲಿಲ್ಲ. ಗಡ್ಡವೇ ಬೆಳೆಯದಿದ್ದರೂ ಮಾತಿಗೆಂದು ಬರುವವರಿದ್ದರು.

"ಏನ್ರೀ ಮಿಲಿಟರಿ, ಒಂದು ಗಡ್ಡಕ್ಕೆ ಇಷ್ಟು ನಡೀತೀರಲ್ಲ, ಇದೇ ನಡಿಗೆ ನೇರವಾಗಿ ನಡೆದಿದ್ರೆ ಇಷ್ಟೊತ್ತಿಗೆ ಮುಂದಿನ ಊರು ಮುಟ್ಟಿರ್ತಿದ್ರಿ" ಎನ್ನುತ್ತಿದ್ದರು ಮೇಷ್ಟ್ರು, ನೊರೆಯೊಳಗಿನಿಂದಲೇ.

"ಮುಂದಿನ ಊರಲ್ಲಿ ನಿಮ್ಮಷ್ಟು ದೊಡ್ಡ ಕೆನ್ನೆ ಸಿಗಲ್ಲ ಮೇಷ್ಟ್ರೇ. ಬಾಯಿ ಮುಚ್ಚಿ, ಸೋಪು ಒಳಗೆ ಹೋಗತ್ತೆ."

ಯುದ್ಧದ ಕಥೆಗಳನ್ನೂ ಹೇಳುತ್ತಿದ್ದ. ಅಧಿಕಾರಿಯನ್ನು ಕಂಡರೆ ಮಾತ್ರ ಒದೆಯುತ್ತಿದ್ದ ಹೇಸರಗತ್ತೆಯ ಕಥೆ. ಕಾಲುಚೀಲ ಹೆಪ್ಪುಗಟ್ಟಿ ಕೋಲಿನ ಹಾಗೆ ನೆಟ್ಟಗೆ ನಿಂತ ಕಥೆ. ಚಹಾಕ್ಕೆ ಸಕ್ಕರೆಯೆಂದು ಉಪ್ಪು ಸುರಿದ ಅಡಿಗೆಯವನು ಇಡೀ ತುಕಡಿಯ ಬೈಗುಳ ತಿಂದ ಕಥೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾರಾದರೊಬ್ಬರು ಕೊನೆಗೆ ಕೇಳಿಯೇ ಕೇಳುತ್ತಿದ್ದರು:

"ಅದೆಲ್ಲ ಸರಿ, ಒಟ್ಟು ಎಷ್ಟು ಜನರನ್ನ ಉರುಳಿಸಿದ್ರಿ?"

"ನಾನೆಲ್ಲಿ ಉರುಳಿಸೋದು? ನಾನು ಹಿಡಿದ್ರೆ ಸಾಕು, ಬಂದೂಕೇ ಗಡಗಡ ನಡುಗೋದು" ಎಂದು ಅಪ್ಪ ನಕ್ಕು, ಕತ್ತಿಯನ್ನು ಚರ್ಮದ ಪಟ್ಟಿಗೆ ಹಚ್ಚುತ್ತಿದ್ದ. ಅಂಥ ಹೊತ್ತಿನಲ್ಲಿ ಕತ್ತಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಮಸೆಸಿಕೊಳ್ಳುತ್ತಿತ್ತು. ಮಗಳಿಗೆ ಅದು ಗೊತ್ತಾಗುತ್ತಿತ್ತು. ಯಾಕೆಂದು ಮಾತ್ರ ತಿಳಿಯುತ್ತಿರಲಿಲ್ಲ. ಒಮ್ಮೆ ಅಮ್ಮನನ್ನು ಕೇಳಿದ್ದಳು.

"ಆ ಸುದ್ದಿ ಎತ್ತಬೇಡ" ಎಂದಿದ್ದಳು ಅಮ್ಮ, ಒಗೆದ ಬಟ್ಟೆ ಹಿಂಡುತ್ತ. "ಹೋದವರೇ ಬೇರೆ, ಬಂದವರೇ ಬೇರೆ. ನನಗೆ ಸಿಕ್ಕಿದ್ದು ಬಂದವರು. ನನಗೆ ಇವರೇ ಸಾಕು."

ಕೆಲಸ ಕಲಿಯುತ್ತೇನೆಂದು ಅವಳು ಹಟ ಹಿಡಿದಾಗ ಊರು ಒಂದಿಷ್ಟು ಗುಸುಗುಸು ಎಂದಿತು. ಅಪ್ಪ ಒಂದು ಬಲೂನು ಊದಿ, ನೊರೆ ಹಚ್ಚಿ, ಕೈಗೆ ಕತ್ತಿ ಕೊಟ್ಟ. "ಒಡೀದ ಹಾಗೆ ಬೋಳಿಸು." ಅವಳು ಉಸಿರು ಬಿಗಿಹಿಡಿದು ಬೋಳಿಸುತ್ತಿರುವಾಗ ಅವನು ಬೆನ್ನ ಹಿಂದೆ ನಿಂತು ತಗಡಿನ ಮುಚ್ಚಳವನ್ನು ನೆಲಕ್ಕೆ ಎಸೆಯುತ್ತಿದ್ದ. ಬೆಚ್ಚಿಬಿದ್ದರೆ ಬಲೂನು ಡಬ್ ಎನ್ನುತ್ತಿತ್ತು. ಅಪ್ಪ ಇನ್ನೊಂದು ಊದುತ್ತಿದ್ದ.

"ಏನೇ ಆಗಲಿ, ಮಗಳೇ. ಮನೆ ಬೀಳಲಿ, ಮುಗಿಲು ಬೀಳಲಿ. ಮೊದಲು ಕತ್ತಿ ಚರ್ಮದಿಂದ ದೂರ ಹೋಗಬೇಕು. ಆಮೇಲೆ ನೀನು ಬೆಚ್ಚು, ಕಿರುಚು, ಓಡು. ನಮ್ಮಪ್ಪ ನನಗೆ ಕಲಿಸಿದ್ದು ಇದನ್ನೇ."

ಮನೆಯ ಮೂಲೆಮೂಲೆಯಲ್ಲಿ ಬಲೂನಿನ ಚೂರು ಸಿಕ್ಕಿ ಅಮ್ಮ ಬೈಯುತ್ತಿದ್ದಳು. ಕೊನೆಗೊಂದು ದಿನ ಮುಚ್ಚಳ ಬಿತ್ತು, ಮಗಳ ಕೈ ತಾನಾಗಿ ಹೊರಕ್ಕೆ ಹಾರಿತು, ಬಲೂನು ಹಾಗೆಯೇ ಉಳಿಯಿತು. ಅಪ್ಪ ಆ ಬಲೂನನ್ನು ಕನ್ನಡಿಯ ಮೇಲೆ ಕಟ್ಟಿದ. ಅದು ಸುಕ್ಕುಗಟ್ಟಿ ಒಣದ್ರಾಕ್ಷಿಯಂತಾಗುವವರೆಗೂ ಅಲ್ಲೇ ಇತ್ತು. ಬಂದವರಿಗೆಲ್ಲ ತೋರಿಸಿ, "ಮರಿ ಮಿಲಿಟರಿಯ ಮೊದಲ ಗಿರಾಕಿ. ಗದ್ದ ನೋಡಿ, ಎಷ್ಟು ನುಣುಪು" ಎನ್ನುತ್ತಿದ್ದ.

ಅಂಥ ಅಪ್ಪ ಅವಳ ಮೇಲೆ ಕಿರುಚಿದ್ದು ಒಮ್ಮೆ ಮಾತ್ರ. ಆ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಬಿಸಿನೀರು ತರಲು ಹಿಂದಕ್ಕೆ ಹೋಗಿದ್ದ. ಬೇಗ ಆಗಲೆಂದು ಅವಳು ಮೇಷ್ಟ್ರ ಎಡಗೆನ್ನೆಯನ್ನು ನಿಂತಲ್ಲೇ ನಿಂತು ಪೂರ್ತಿ ಮುಗಿಸುತ್ತಿದ್ದಳು. ಕೆಟಲು ಹಿಡಿದು ಒಳಬಂದವನು ನೋಡಿದ.

"ಸುತ್ತು!"

ಅವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಬಿಡ್ರೀ ಮಿಲಿಟರಿ" ಎಂದರು ಮೇಷ್ಟ್ರು. "ನನ್ನ ಮುಖ ಏನು ಮದುಮಗಂದಾ? ಒಂದು ಕಡೆಯಿಂದ ಮುಗೀಲಿ."

ಅಪ್ಪ ಮಗಳ ಕೈಯಿಂದ ಕತ್ತಿ ತೆಗೆದುಕೊಂಡು, ಕುರ್ಚಿಯ ಹಿಂದೆ ಹಾದು, ಬಲಗೆನ್ನೆಗೆ ಹೋದ. ಅವಳು ಹಿಂದಿನ ಜಗಲಿಯಲ್ಲಿ ಕುಳಿತು ಅತ್ತಳು. ಸಂಜೆ ಅವನೇ ಬಂದು ಪಕ್ಕದಲ್ಲಿ ಕುಳಿತ. "ಸುತ್ತಿ ಮಾಡು ಮಗಳೇ. ಬೇರೇನೂ ಕೇಳಬೇಡ" ಎಂದ. ಅವಳು ಕೇಳಲಿಲ್ಲ. ಕುಶಲಕರ್ಮಿಯ ಅಭಿಮಾನ ಎಂದುಕೊಂಡಳು. ಆಮೇಲೆ ಎಂದೂ ಸುತ್ತದೆ ಇರಲಿಲ್ಲ.

ವರ್ಷಗಳು ಉರುಳಿದವು. ಅಮ್ಮ ತೀರಿಕೊಂಡಳು. ಅಪ್ಪನ ಮೊಣಕಾಲು ಸೋತಿತು, ಆಮೇಲೆ ಕೈ. ಬಂದೂಕೇ ನಡುಗುತ್ತದೆ ಎಂದು ನಗಿಸುತ್ತಿದ್ದವನ ಕೈ ಈಗ ನಿಜವಾಗಿಯೂ ನಡುಗುತ್ತಿತ್ತು. ಕತ್ತಿ ಮಗಳಿಗೆ ಬಂತು, ಬೆಂಚಿನ ತುದಿ ಅಪ್ಪನಿಗೆ. ಅಲ್ಲಿ ಕುಳಿತು ಅವನು ಬಂದವರ ಜೊತೆ ಹರಟುತ್ತ, ಅವಳ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟಿರುತ್ತಿದ್ದ. ಅದೊಂದು ಕಾಲ ಹಾಗೇ ನಡೆದುಕೊಂಡು ಹೋಗಿದ್ದರೆ ಸಾಕಾಗಿತ್ತು ಎಂದು ಈಗಲೂ ಅವಳಿಗೆ ಅನ್ನಿಸುವುದುಂಟು.

ಆದರೆ ಕಟ್ಟಡಕ್ಕೆ ವಯಸ್ಸಾಗಿತ್ತು. ಗೋಡೆಯ ಬಿರುಕಿನಲ್ಲಿ ಬೆರಳು ತೂರುವಂತಾದಾಗ ಮಾಲೀಕ ಕೆಡವುವುದೆಂದು ನಿರ್ಧರಿಸಿದ. ಒಳ್ಳೆಯವನೇ. ಅದೇ ರಸ್ತೆಯಲ್ಲಿ ತಾನು ಕಟ್ಟಿಸಿದ ಹೊಸ ಕಟ್ಟಡದಲ್ಲಿ ಹಳೆಯ ಬಾಡಿಗೆದಾರರಿಗೆಲ್ಲ ಒಂದೊಂದು ಮಳಿಗೆ ಕೊಟ್ಟ. ಇವರ ಪಾಲಿಗೆ ಬಂದದ್ದು ಮೆಟ್ಟಿಲ ಕೆಳಗಿನದು. ಉದ್ದಕ್ಕೆ ಇತ್ತು, ಅಗಲಕ್ಕೆ ಇರಲಿಲ್ಲ. ಕುರ್ಚಿ ಇಡಬೇಕೆಂದರೆ ಒಂದು ಬದಿಯ ಗೋಡೆಗೆ ಒತ್ತಿಯೇ ಇಡಬೇಕು. ತಿಂಗಳ ಕೊನೆಯೊಳಗೆ ಹೂಂ ಅನ್ನದಿದ್ದರೆ, ಮೊಬೈಲ್ ರಿಪೇರಿಯವನೊಬ್ಬ ಕಾದು ನಿಂತಿದ್ದ.

"ಆಗಲ್ಲ" ಎಂದ ಅಪ್ಪ, ಮಳಿಗೆಯನ್ನು ನೋಡದೆಯೇ.

"ಯಾಕಾಗಲ್ಲ?"

"ಸುತ್ತೋಕೆ ಜಾಗ ಇಲ್ಲ ಅಂತ ನೀನೇ ಹೇಳಿದೆಯಲ್ಲ."

"ಜಾಗ ಇಲ್ಲದಿದ್ರೆ ಸುತ್ತದೆ ಮಾಡೋದು. ಲೋಕದ ಕ್ಷೌರಿಕರೆಲ್ಲ ಹಾಗೇ ಮಾಡ್ತಾರೆ ಅಪ್ಪ."

"ಲೋಕದವರು ಮಾಡಲಿ."

ಎದುರಂಗಡಿಯವನು ರಸ್ತೆ ದಾಟಿ ಬಂದು, "ಮರಿ ಮಿಲಿಟರಿ, ನಮ್ಮಲ್ಲಿಗೆ ಬಂದುಬಿಡು. ಬೇಕಾದಷ್ಟು ಸುತ್ತು, ಯಾರು ಬೇಡ ಅಂತಾರೆ?" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೂ ಅವಳಿಗೆ ಚುರುಕ್ಕೆಂದಿತು. ಇಷ್ಟು ಕಾಲ ಎದುರು ನಿಂತವನ ಪಕ್ಕದಲ್ಲಿ ಕೂಲಿಗೆ ನಿಲ್ಲುವುದೇ? ಅವಳಿಗೆ ಗೊತ್ತಿದ್ದದ್ದು ಇದೊಂದು ಕೆಲಸ, ಇದ್ದದ್ದು ಇದೊಂದು ಅಂಗಡಿ. ಅಪ್ಪನ ಮೊಂಡುತನಕ್ಕೆ ಅದನ್ನು ಬಿಡಲಾರಳು. ಅಪ್ಪನನ್ನು ಬಿಟ್ಟು ಹೊಸ ಮಳಿಗೆಗೆ ಹೋಗಲಾರಳು.

ಒಂದು ಮಧ್ಯಾಹ್ನ ಊಟ ಮುಗಿಸಿ, ಹೇಳದೆ ಕೇಳದೆ ಅವನನ್ನು ಕೈಹಿಡಿದು ಆ ಮಳಿಗೆಗೆ ಕರೆದೊಯ್ದಳು. "ಬೇಡ ಅನ್ನೋದಾದ್ರೆ ನೋಡಿ ಬೇಡ ಅನ್ನು."

ಒಳಗೆ ಹಸಿ ಸಿಮೆಂಟಿನ ವಾಸನೆ. ಬಣ್ಣದವರು ಬಿಟ್ಟುಹೋದ ಖಾಲಿ ಡಬ್ಬ ಮೂಲೆಯಲ್ಲಿ ಬೋರಲಾಗಿ ಬಿದ್ದಿತ್ತು. ಮೇಲೆ ಮೆಟ್ಟಿಲೇರುವವರ ಹೆಜ್ಜೆ ಒಂದೊಂದೂ ಕೇಳುತ್ತಿತ್ತು. ಅಪ್ಪ ಬಾಗಿಲಲ್ಲಿ ಬಹಳ ಹೊತ್ತು ನಿಂತ. ಆಮೇಲೆ ಒಳಬಂದು, ಡಬ್ಬವನ್ನು ಕಾಲಿನಿಂದ ಗೋಡೆಯ ಹತ್ತಿರಕ್ಕೆ ತಳ್ಳಿದ.

"ಕುತ್ಕೋ."

"ಯಾಕಪ್ಪ?"

"ಕುತ್ಕೋ ಅಂದೆನಲ್ಲ."

ಅವಳು ಡಬ್ಬದ ಮೇಲೆ ಕುಳಿತಳು. ಬಲಭುಜ ಗೋಡೆಗೆ ತಾಗುತ್ತಿತ್ತು. ಅಪ್ಪ ಅವಳ ಎಡಬದಿಗೆ ನಿಂತು, ಎಡಗೈಯಿಂದ ಅವಳ ನೆತ್ತಿ ಹಿಡಿದು, ಬರಿಗೈಯನ್ನೇ ಕತ್ತಿ ಮಾಡಿಕೊಂಡು ಅವಳ ಕೆನ್ನೆಯ ಮೇಲೆ ಇಳಿಸಿದ. ನಡುಗುವ ಬೆರಳಿನ ಬೆನ್ನು ಕಿವಿಯಿಂದ ಗದ್ದದವರೆಗೆ ಬಂತು. ಆಮೇಲೆ ಅವಳ ಬೆನ್ನ ಹಿಂದೆ ಒಂದು ಹೆಜ್ಜೆ ಇಟ್ಟ, ಇನ್ನೊಂದನ್ನು ಎತ್ತಿದ. ಗೋಡೆ ಅಡ್ಡ ಬಂತು.

"ಇಲ್ಲೇ" ಎಂದ.

"ಏನು ಇಲ್ಲೇ?"

"ಇಲ್ಲಿಗೆ ಬಂದಾಗ ಬಿದ್ದ."

ಅವಳು ತಿರುಗಲು ಹೋದಳು. ಅವನ ಕೈ ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೇ ಹಿಡಿಯಿತು. ಮುಖ ನೋಡದೆ ಹೇಳಬೇಕಾದ ಮಾತದು ಎಂದು ಅವಳಿಗೆ ಅರ್ಥವಾಯಿತು.

"ಸೈನ್ಯಕ್ಕೆ ಸೇರುವಾಗ ಅಪ್ಪ ಏನು ಮಾಡ್ತಾರೆ ಅಂತ ಕೇಳಿದ್ರು. ವ್ಯಾಪಾರ ಅಂದೆ. ಕ್ಷೌರ ಅಂದಿದ್ರೆ ಅಲ್ಲೂ ಕೈಗೆ ಕತ್ತೀನೇ ಕೊಡ್ತಿದ್ರು. ನನಗೆ ಬಂದೂಕು ಬೇಕಾಗಿತ್ತು. ಕೊಟ್ಟರು. ನನ್ನ ಕೈ ನಡುಗ್ತಿರಲಿಲ್ಲ, ಎಲ್ಲರಿಗೂ ಆಶ್ಚರ್ಯ. ಎಲ್ಲಿ ಕಲಿತೆಯೋ ಅಂತ ಕೇಳೋರು. ಬಲೂನಿನ ಮೇಲೆ ಕಲಿತಿದ್ದು ಅಂತ ಹೇಳಕ್ಕಾಗತ್ತಾ? ದುರ್ಬೀನು ಇರೋ ಬಂದೂಕು ಕೊಟ್ಟು ಗುಡ್ಡದ ಮೇಲೆ ಕೂರಿಸಿದ್ರು.

"ಕೆಳಗೆ ಹಳ್ಳ. ಹಳ್ಳದ ಆಚೆ ಅವರು. ಬೆಳಿಗ್ಗೆ. ಒಬ್ಬ ದೊಡ್ಡ ಅಧಿಕಾರಿ ಮದ್ದುಗುಂಡಿನ ಪೆಟ್ಟಿಗೆ ಮೇಲೆ ಕೂತು ಗಡ್ಡ ಮಾಡಿಸ್ಕೋತಿದ್ದ. ಬೆನ್ನು ನಮ್ಮ ಕಡೆ. ಎಡಗೆನ್ನೆ ಅಂಚು ಅಷ್ಟೇ ಕಾಣೋದು, ಬೆಳ್ಳಗೆ ನೊರೆ. ಅವನನ್ನ ಹೊಡಿ ಅಂದ್ರು. ಗುರಿ ಇಟ್ಟೆ. ಇಟ್ಟವನು ಅವನನ್ನ ನೋಡ್ಲೇ ಇಲ್ಲ ಕಣೇ, ಆ ಕ್ಷೌರಿಕನ್ನ ನೋಡ್ತಾ ಕೂತೆ. ಏನು ಮಣಿಕಟ್ಟು! ಕತ್ತಿ ಹಿಡಿಯೋ ರೀತಿ, ಕಿರುಬೆರಳು ಎತ್ತೋ ರೀತಿ, ಥೇಟ್ ನಮ್ಮಪ್ಪ. ಪಕ್ಕದಲ್ಲಿದ್ದವನು ತಿವೀತಿದ್ದ, ಹೊಡಿ, ಹೊಡಿ ಅಂತ. ನಾನು, ತಾಳು, ಒಂದು ಕೆನ್ನೆ ಮುಗೀಲಿ ಅಂದೆ. ಅವನು ನಕ್ಕ.

"ಒಂದು ಕೆನ್ನೆ ಮುಗೀತು. ನಾನು ಬಂದೂಕಿನ ಕುದುರೆ ಎಳೆದೆ. ಕೆನ್ನೆ ಮುಗಿದ ಮೇಲೆ ಕ್ಷೌರಿಕ ಏನು ಮಾಡ್ತಾನೆ? ಆ ಕಡೆಗೆ ಹೋಗ್ತಾನೆ. ಅದು ಬೇರೆ ಯಾರಿಗೆ ಗೊತ್ತಿಲ್ಲದಿದ್ರೂ ನನಗೆ ಗೊತ್ತಿರಬೇಕಿತ್ತು. ಬೆನ್ನ ಹಿಂದೆ ಬಂದ. ಗುಂಡಿಗೆ ಅಡ್ಡ ಬಂದ."

ಮೇಲೆ ಮೆಟ್ಟಿಲಲ್ಲಿ ಯಾರೋ ನಗುತ್ತ ಇಳಿದು ಹೋದರು. ಅಪ್ಪನ ಕೈ ಅವಳ ನೆತ್ತಿಯ ಮೇಲೇ ಇತ್ತು.

"ಅವನು ಮುಂದಕ್ಕೆ ಬೀಳಬೇಕಿತ್ತು, ಕೂತವನ ಕುತ್ತಿಗೆ ಮೇಲೆ. ಬೀಳೋವಾಗ ಕತ್ತಿ ಇರೋ ಕೈಯನ್ನ ಹೊರಗೆ ಚಾಚಿದ. ದೂರ, ಎಷ್ಟು ದೂರ ಆಗತ್ತೋ ಅಷ್ಟು ದೂರ. ಜೀವ ಹೋಗ್ತಿದೆ, ಆಗಲೂ ಮೊದಲು ಕತ್ತಿ ಚರ್ಮದಿಂದ ದೂರ. ಅವನಿಗೂ ಅವರಪ್ಪ ಹೇಳಿಕೊಟ್ಟಿದ್ದ, ಮಗಳೇ."

"ಅಧಿಕಾರಿ?" ಎಂದು ಕೇಳಿದಳು.

"ಎದ್ದು ನಿಂತು ನಮ್ಮ ಕಡೆ ತಿರುಗಿದ. ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ನೊರೆ. ಇನ್ನೊಂದು ಹೊಡಿ ಅಂದ್ರು. ಹೊಡೆದೆ. ತಪ್ಪಿತು. ತಪ್ಪಿತೋ ತಪ್ಪಿಸಿದೆನೋ, ನನಗೇ ಗೊತ್ತಿಲ್ಲ."

"ಅದು ಯುದ್ಧ ಅಪ್ಪ. ನಿನಗೆ ಹೇಳಿದ್ರು, ನೀನು ಮಾಡಿದೆ."

"ಆ ಮಾತು ನನಗೂ ಬರತ್ತೆ. ಎಲ್ಲರಿಗೂ ಬರತ್ತೆ. ಹೇಳಿದವರು ಮನೆಗೆ ಹೋಗಿ ನಿದ್ದೆ ಮಾಡ್ತಾರೆ." ಅವನು ಕೈ ತೆಗೆದು ಗೋಡೆಗೆ ಒರಗಿದ. "ವಾಪಸು ಬಂದು ಮೊದಲ ಗಿರಾಕಿ ಗಡ್ಡಕ್ಕೆ ಕತ್ತಿ ಹಚ್ಚಿದೆ. ಒಂದು ಕೆನ್ನೆ ಕೊನೆಗೆ ಬಂದ ಹಾಗೆ ಕಿವಿ ಗುಂಯ್ ಅನ್ನತ್ತೆ. ಈಗ ಬೀಳತ್ತೆ, ಈಗ ಬೀಳತ್ತೆ ಅನ್ಸತ್ತೆ. ಕಾಲು ಎತ್ತಕ್ಕೇ ಆಗಲ್ಲ. ಅದಕ್ಕೆ ಮುಗಿಯೋಕೆ ಮುಂಚೇನೇ ಆ ಕಡೆ ಹೋದೆ. ಮತ್ತೆ ಈ ಕಡೆ ಬಂದೆ. ಅವನು ಎತ್ತಿದ ಹೆಜ್ಜೆ ಕೆಳಗಿಡಲಿಲ್ಲ. ನಾನು ಇಡ್ತಾ ಇದೀನಿ. ಅದರಿಂದ ಅವನಿಗೇನೂ ಸಿಗಲ್ಲ, ಗೊತ್ತು."

ಅವಳು ತನ್ನ ಪಾದಗಳನ್ನು ನೋಡಿಕೊಂಡಳು. ನಮ್ಮನೆ ಕೈ ಎಂದು ಎಷ್ಟು ಜನರ ಮುಂದೆ ಜಂಬ ಕೊಚ್ಚಿದ್ದಳು! ಎದುರಂಗಡಿಯವನು, ಅವನ ಮಗ, ಮಾರುಕಟ್ಟೆಯ ಹತ್ತಿರದವನು, ಎಲ್ಲರೂ ಈ ಹೊತ್ತಿನಲ್ಲೂ ಯಾರದೋ ಕುರ್ಚಿಯ ಹಿಂದೆ ಹೆಜ್ಜೆ ಇಡುತ್ತಿರಬಹುದು. ಯಾರ ಹೆಜ್ಜೆಯೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

"ಅಂಗಡಿ ತಗೋ" ಎಂದ ಅಪ್ಪ, ಬಾಗಿಲ ಕಡೆ ತಿರುಗಿ. "ನಿನ್ನ ಹೊಟ್ಟೆಗೆ ಕಲ್ಲು ಹಾಕಲ್ಲ ನಾನು. ಆದ್ರೆ ನಾನು ಇಲ್ಲಿಗೆ ಬರಲ್ಲ. ನೋಡಕ್ಕಾಗಲ್ಲ ನನಗೆ."

ಅವಳು ಮಳಿಗೆ ಹಿಡಿದಳು. ಹಳೆಯ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಳು. ಕನ್ನಡಿಯೊಂದಕ್ಕೆ ಮಾತ್ರ ಜಾಗವಿತ್ತು. ಬೆಂಚೂ ಬಂತು, ಅದರ ತುದಿ ಖಾಲಿಯಿತ್ತು. ಬಲಗೆನ್ನೆ ಮಾಡಬೇಕಾದರೆ ಅವಳು ಗಿರಾಕಿಯ ಮುಂದಿನಿಂದ ಬಾಗಿ, ಸೊಂಟ ತಿರುಚಿ ಕೈ ಚಾಚಬೇಕಿತ್ತು. ಅದು ಪದೇ ಪದೇ ಆಗುವ ಮಾತಲ್ಲ. ಹಾಗಾಗಿ ಒಂದು ಕೆನ್ನೆ ಮುಗಿಸಿ ಆಮೇಲೆ ಇನ್ನೊಂದು.

"ಇದೇನಮ್ಮ, ನಮ್ಮನ್ನ ಅರ್ಧ ಗಡ್ಡದಲ್ಲಿ ಕೂರಿಸಿಬಿಡ್ತೀಯ!" ಎಂದರು ಮೇಷ್ಟ್ರು. "ನಿಮ್ಮಪ್ಪ ಎಲ್ಲಿ? ನಾನು ದೂರು ಕೊಡಬೇಕು."

"ಕಾಲು ನೋವು ಮೇಷ್ಟ್ರೇ" ಎಂದಳು. ಎಂದವಳ ಕತ್ತಿ ಎಡಗೆನ್ನೆಯ ಕೊನೆಗೆ ಬಂದಿತ್ತು. ಮೇಷ್ಟ್ರು ಇನ್ನೇನೋ ಹೇಳುತ್ತಿದ್ದರು, ಅವಳಿಗೆ ಕೇಳಿಸಲಿಲ್ಲ. ಕಿವಿ ಗುಂಯ್ ಎಂದಿತು. ಬೆನ್ನ ಹಿಂದೆ ಬಾಗಿಲು, ಬಾಗಿಲಾಚೆ ರಸ್ತೆ, ರಸ್ತೆಯಾಚೆ ಎಲ್ಲಿಂದಲೋ ಯಾರೋ ತನ್ನನ್ನು ನೋಡುತ್ತಿದ್ದಾರೆ ಎನ್ನಿಸಿತು. ಕಾಲು ಏಳಲಿಲ್ಲ. ಅಪ್ಪ ಅವಳಿಗೆ ಬರಿಯ ಕಥೆ ಕೊಟ್ಟಿರಲಿಲ್ಲ.

ಆ ಹೊತ್ತಿಗಾಗಲೇ ಅಪ್ಪನ ಗಡ್ಡ ಬೆಳೆಯತೊಡಗಿತ್ತು. ಮೊದಲೆಲ್ಲ ನಡುಗುವ ಕೈಯಲ್ಲೇ ತಾನೇ ಮಾಡಿಕೊಂಡು, ಗಾಯದ ಮೇಲೆ ಕಾಗದದ ಚೂರು ಅಂಟಿಸಿಕೊಂಡು ಓಡಾಡುತ್ತಿದ್ದ. ಈಗ ಅದನ್ನೂ ಬಿಟ್ಟ. ಕಿಟಕಿಯ ಹತ್ತಿರ ಕುಳಿತು, ಹಳೆಯ ಕಟ್ಟಡ ಕೆಡವುವ ಸದ್ದು ಕೇಳುತ್ತಿದ್ದ.

"ಊರಲ್ಲಿ ಏನಂತಾರೆ ಗೊತ್ತಾ? ಕ್ಷೌರಿಕನ ಮನೇಲೇ ಕರಡಿ ಇದೆ ಅಂತಾರೆ" ಎಂದು ಅವಳು ಛೇಡಿಸಿದಳು.

"ಕರಡಿಗೂ ಒಂದು ಮನೆ ಬೇಕಲ್ಲ" ಎಂದ. ಆದರೆ ನಗಲಿಲ್ಲ.

ಪಕ್ಕದ ಊರಿನಲ್ಲಿ ಒಬ್ಬ ಅಂಗಡಿ ಮುಚ್ಚುತ್ತಿದ್ದಾನೆ, ಸಾಮಾನು ಕೊಡುತ್ತಾನೆ ಎಂಬ ಸುದ್ದಿ ಬಂದಾಗ ಅವಳು ಬೇರೇನೂ ಯೋಚಿಸದೆ ಹೋದಳು. ಕಬ್ಬಿಣದ ಕಾಲಿನ, ತಿರುಗುವ ಕುರ್ಚಿ. ಸೀಟಿನ ರೆಕ್ಸಿನ್ ಒಂದೆಡೆ ಹರಿದಿತ್ತು, ತಿರುಗಿಸಿದರೆ ಕುಂಯ್ ಎನ್ನುತ್ತಿತ್ತು. ಎಣ್ಣೆ ಬಿಟ್ಟು, ಹೊಲಿಗೆ ಹಾಕಿಸಿ, ಗೋಡೆಯಿಂದ ಒಂದು ಮೊಳ ಈಚೆಗೆ ನೆಲಕ್ಕೆ ಬಿಗಿಸಿದಳು. ಕುಳಿತವರು ಮೊಣಕಾಲು ಸ್ವಲ್ಪ ಮಡಿಸಿಕೊಂಡರೆ ಪೂರ್ತಿ ತಿರುಗುತ್ತಿತ್ತು. ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲೇ, ಅಪ್ಪನನ್ನು ಕರೆಯಲು ಮನೆಗೆ ಬಂದಳು.

"ಬರಲ್ಲ ಅಂದಿದ್ದೆ."

"ಕೆಲಸ ಮಾಡೋದನ್ನ ನೋಡು ಅಂತ ಕರೀತಿಲ್ಲ. ಗಡ್ಡ ಮಾಡಿಸ್ಕೋ ಅಂತ ಕರೀತಿದೀನಿ. ಗಿರಾಕಿಯಾಗಿ ಬಾ."

ಯಾಕೋ ಎದ್ದ. ದಾರಿಯುದ್ದಕ್ಕೂ ಅವಳ ತೋಳು ಹಿಡಿದಿದ್ದ. ಕುರ್ಚಿಯನ್ನು ಕಂಡು, ಹಿಂಬದಿಯಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿದ. ಕೈಯಿಂದ ತಳ್ಳಿದ, ಅದು ಸದ್ದಿಲ್ಲದೆ ಅರ್ಧ ಸುತ್ತು ತಿರುಗಿ ನಿಂತಿತು. ಅವನು ಹತ್ತಿ ಕುಳಿತ.

ಅವಳು ಬಿಳಿ ಬಟ್ಟೆ ಹೊದಿಸಿ, ಬಿಸಿನೀರಿನಿಂದ ಗಡ್ಡ ನೆನೆಸಿ, ನೊರೆ ಹಚ್ಚಿದಳು. ಅಪ್ಪನ ಮುಖವನ್ನು ಇಷ್ಟು ಹತ್ತಿರದಿಂದ ಅವಳು ಯಾವತ್ತೂ ನೋಡಿರಲಿಲ್ಲ. ಹುಬ್ಬಿನಲ್ಲಿ ಒಂದು ಸಣ್ಣ ಮಚ್ಚೆಯಿತ್ತು, ಅವಳದೇ ಮಚ್ಚೆಯಂಥದು. ಕತ್ತಿಯನ್ನು ಪಟ್ಟಿಗೆ ಹಚ್ಚಿ, ಎಡಗೆನ್ನೆಯಿಂದ ಶುರುಮಾಡಿದಳು. ಕೂದಲು ಕತ್ತರಿಸುವ ಸಣ್ಣ ಸದ್ದು ಕೇಳುತ್ತಿತ್ತು. ಎರಡು ಎಳೆತದ ನಂತರ ಕೈ ತಾನಾಗಿ ಕುರ್ಚಿಯ ಬೆನ್ನಿಗೆ ಹೋಯಿತು.

"ತಿರುಗಿಸಲಾ ಅಪ್ಪಾ?"

"ಬೇಡ. ಈ ಕೆನ್ನೆ ಮುಗಿಸು."

ಅವಳು ಅವನ ಕಣ್ಣು ನೋಡಿದಳು. ಅವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದ. ಅವಳು ಮುಗಿಸಿದಳು. ಒಂದು ಕೆನ್ನೆ ನುಣ್ಣಗಾಯಿತು. ಇನ್ನೊಂದು ಬಿಳಿ ನೊರೆಯಲ್ಲಿ ಹಾಗೆಯೇ ಇತ್ತು. ಬಟ್ಟೆಯ ಕೆಳಗೆ ಅವನ ಎರಡೂ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದದ್ದು ಕಾಣುತ್ತಿತ್ತು.

"ಈಗ ತಿರುಗಿಸಲಾ?"

"ತಾಳು."

ಅವಳು ನಿಂತಳು. ಹೊರಗೆ ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿದ್ದವು. ಮೇಷ್ಟ್ರು ಬಂದರು, "ಓಹೋ, ಇವತ್ತು ದೊಡ್ಡ ಗಿರಾಕಿ!" ಎನ್ನುತ್ತ ಒಳಗೆ ಕಾಲಿಟ್ಟವರು, ಅಪ್ಪನ ಮುಖ ನೋಡಿ, ಮಾತು ನುಂಗಿ ಬೆಂಚಿನ ಮೇಲೆ ಕುಳಿತರು. ಕೆನ್ನೆಯ ಮೇಲಿನ ನೊರೆ ಮೆಲ್ಲಗೆ ಒಣಗಿತು. ಅವಳು ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ಹಚ್ಚಿದಳು. ಅದೂ ಒಣಗತೊಡಗಿತು. ಮತ್ತೆ ಹಚ್ಚಿದಳು. ಅವಸರ ಮಾಡಲಿಲ್ಲ. ಯಾರೂ ಅವಳನ್ನು ತಿವಿಯುತ್ತಿರಲಿಲ್ಲ. ಬೇಕಾದರೆ ಇಡೀ ದಿನ ಹಾಗೇ ನಿಲ್ಲಬಹುದಿತ್ತು.

ಅಪ್ಪ ಕನ್ನಡಿಯಲ್ಲಿ ಅವಳ ಕಾಲುಗಳನ್ನು ಹುಡುಕಿದ. ಅವು ಇದ್ದಲ್ಲೇ ಇದ್ದವು.

"ಹೂಂ" ಎಂದ.

ಅವಳು ನಿಂತಲ್ಲೇ ನಿಂತು ಕುರ್ಚಿಯನ್ನು ತಿರುಗಿಸಿದಳು.